ಗುಡ್ಡದ ತುಂಬ ಹದಿನಾಲ್ಕನೇ ನಂಬರು

ದೇಶದ ಕಾಡನ್ನೆಲ್ಲ ಈಗ ಆಕಾಶದಿಂದಲೇ ನೋಡುತ್ತಾರೆ. ಅಲ್ಲಿಂದ ಕಂಡದ್ದು ನಿಜವೋ ಸುಳ್ಳೋ ಎಂದು ನೋಡಿ ಬರಲು ನೆಲದ ಮೇಲೆ ನನ್ನಂಥ ಗಾರ್ಡುಗಳಿದ್ದಾರೆ. ಹೀಗಿರುವಾಗ ಎಡವಟ್ಟು ಆಗದ ತಿಂಗಳು ಯಾವುದಿದ್ದೀತು? ಯಲಬುರ್ಗಾ ಕಡೆ ಕೆಲಸಕ್ಕೆ ಸೇರಿದಾಗಿನಿಂದ ನನಗಂತೂ ಅಂಥದ್ದೊಂದು ತಿಂಗಳೂ ಸಿಕ್ಕಿಲ್ಲ. ಇಲ್ಲಿ ನಾಲ್ಕು ಹೇಳುತ್ತೇನೆ. ನಾಲ್ಕರಲ್ಲೂ ನಮ್ಮ ವಾಚರ್ ಕಾಕಾ ಇದ್ದಾನೆ. ಬೇವೂರಿನ ಹತ್ತಿರದ ಕಲ್ಲುಗುಡ್ಡವೊಂದನ್ನು ದಿನಗೂಲಿಯ ಮೇಲೆ ಇಪ್ಪತ್ತು ವರ್ಷ ಕಾಯ್ದವನು. ಗುಡ್ಡ ಹಸಿರಾದರೆ ತನ್ನ ಕೆಲಸ ಉಳಿಯುತ್ತದೆ ಎಂದು ನಂಬಿದ್ದ. ನಂಬಿಸಿದವನು ನಾನೇ.

೧. ಕುಲುಮೆ ಆರಿಸಿದ್ದು

ಕಾಡಿಗೆ ಬೆಂಕಿ ಬಿದ್ದರೆ ಉಪಗ್ರಹಕ್ಕೆ ಅದರ ಕಾವು ಗೊತ್ತಾಗಿ, ನಮ್ಮ ಮೊಬೈಲಿನ ನಕ್ಷೆಯ ಮೇಲೆ ಕೆಂಪು ಚುಕ್ಕೆ ಮೂಡುತ್ತದೆ. ನಾವು ಓಡಬೇಕು, ಬಡಿದು ಆರಿಸಬೇಕು, ಆರಿಸಿದವನು ಹಸಿ ಟೊಂಗೆ ಹಿಡಿದು ನಿಂತ ಫೋಟೊ ಹಾಕಬೇಕು. ಆಗ ಚುಕ್ಕೆ ಹಸಿರಾಗುತ್ತದೆ. ಫೋಟೊ ಇಲ್ಲದಿದ್ದರೆ ಬೆಂಕಿ ಆರಿದಂತಲ್ಲ.

ಒಮ್ಮೆ ಹಿಟ್ನಾಳದ ಕಡೆ ಚುಕ್ಕೆ ಮೂಡಿತು. ಅಲ್ಲಿನ ಗಾರ್ಡ್ ರಜೆಯಲ್ಲಿದ್ದ. ನನ್ನನ್ನೂ ಕಾಕಾನನ್ನೂ ಓಡಿಸಿದರು. ಸುಡುವ ಬಿಸಿಲಲ್ಲಿ ಬೈಕಿನ ಮೇಲೆ ಹೋಗಿ ನೋಡಿದರೆ ಅಲ್ಲಿ ಕಾಡೇ ಇಲ್ಲ. ಹೆದ್ದಾರಿಯ ಪಕ್ಕ ಕಬ್ಬಿಣ ಕರಗಿಸುವ ಕಾರ್ಖಾನೆ, ಅದರ ಕುಲುಮೆಯ ಕಾವು ಆಕಾಶಕ್ಕೆ ಮುಟ್ಟಿತ್ತು. ರೇಂಜರ್ ಸಾಹೇಬರಿಗೆ ಫೋನ್ ಮಾಡಿ ಹೇಳಿದೆ. ಅದೆಲ್ಲ ತಮಗೆ ಬೇಡ, ಸಂಜೆಯೊಳಗೆ ಚುಕ್ಕೆ ಹಸಿರಾಗಬೇಕು ಎಂದರು.

ಕಾಕಾ ರಸ್ತೆಬದಿಯ ಬೇವಿನ ಟೊಂಗೆ ಮುರಿದುಕೊಂಡ. ಕಾರ್ಖಾನೆಯ ಗೇಟಿನ ಮುಂದೆ, ಚಿಮಣಿಗೆ ಬೆನ್ನು ಕೊಟ್ಟು, ಮೋರೆ ಗಂಭೀರ ಮಾಡಿ ನಿಂತ. ಗೇಟಿನ ಕಾವಲಿನವನು ಬಂದು ಏನು ನಡೆದಿದೆ ಎಂದು ಕೇಳಿದ.

“ನಿಮ್ಮ ಬೆಂಕಿ ಆರಿಸಾಕ ಬಂದೀವ್ರಿ,” ಎಂದ ಕಾಕಾ. “ಒಂದ್ ನಿಮಿಷದ ಕೆಲಸ.”

ಫೋಟೊ ಹೋಯಿತು. ಕುಲುಮೆ ಧಗಧಗ ಉರಿಯುತ್ತಲೇ ಇತ್ತು. ಚುಕ್ಕೆ ಮಾತ್ರ ಹಸಿರಾಯಿತು, ತ್ವರಿತವಾಗಿ ಬೆಂಕಿ ನಂದಿಸಿದ್ದಕ್ಕೆ ಅಭಿನಂದನೆಯೂ ಬಂತು.

೨. ಹದಿನಾಲ್ಕು

ಕಾಡಿನ ಗಣತಿಯವರು ಅಲ್ಲಲ್ಲಿ ಒಂದಿಷ್ಟು ಜಾಗ ಗುರುತು ಮಾಡಿ, ಅದರೊಳಗಿನ ಗಿಡಗಳ ಸುತ್ತಳತೆ ತೆಗೆದು, ಬೊಡ್ಡೆಗೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗುತ್ತಾರೆ. ಕೆಲವು ವರ್ಷ ಬಿಟ್ಟು ಬಂದು ಅದೇ ಗಿಡಗಳನ್ನು ಮತ್ತೆ ಅಳೆಯುತ್ತಾರೆ. ಕಾಕಾನ ಗುಡ್ಡದಲ್ಲೂ ಒಂದರಿಂದ ಹದಿನಾಲ್ಕರವರೆಗೆ ನಂಬರು ಬಿದ್ದಿದ್ದವು. ಸರ್ಕಾರದ ನಂಬರಿನ ಗಿಡ ಕಡಿದರೆ ಕೇಸಾಗುತ್ತದೆ ಎಂದು ಊರವರು ಅವುಗಳ ತಂಟೆಗೆ ಹೋಗಲಿಲ್ಲ. ನಂಬರಿಲ್ಲದವು ಒಂದೊಂದಾಗಿ ಒಲೆ ಸೇರುತ್ತಿದ್ದವು.

ಗಣತಿಯವರು ಎರಡನೇ ಸಲ ಬಂದಾಗ ನಾನೂ ಜೊತೆಗಿದ್ದೆ. ಗುಡ್ಡ ಹತ್ತಿ ನೋಡಿದರೆ ನಂಬರಿಲ್ಲದಿದ್ದ ಎಲ್ಲ ಗಿಡದ ಮೇಲೂ ಹದಿನಾಲ್ಕು. ಬಣ್ಣ ಹಚ್ಚಲು ಬೊಡ್ಡೆಯೇ ಇಲ್ಲದ ಸಸಿಗಳ ಬುಡದಲ್ಲಿ ಒಂದೊಂದು ಕಲ್ಲು, ಕಲ್ಲಿನ ಮೇಲೂ ಹದಿನಾಲ್ಕು. ಗಣತಿಯವರು ಟೇಪು ಹಿಡಿದುಕೊಂಡು ಅಲ್ಲೇ ಕುಂತುಬಿಟ್ಟರು. ನನಗೆ ಸಿಟ್ಟು ಬಂತು, ಯಾಕೆ ಹೀಗೆ ಮಾಡಿದಿ ಎಂದು ಕಾಕಾನನ್ನು ಬೈದೆ.

“ನನಗ ಓದಾಕ ಬರಿಯಾಕ ಬರೂದಿಲ್ಲರಿ ಸಾಹೇಬ್ರ,” ಎಂದ. “ನನ್ನ ಗುಡಸಲ ಮುಂದಿನ ಗಿಡಕ್ಕ ಏನ್ ಬರದಿದ್ರೋ ಅದನ್ನ ನೋಡಿ ನೋಡಿ ಬರದೀನಿ. ಬರದ ಮ್ಯಾಲ ಒಂದ್ ಟೊಂಗಿನೂ ಕಡದಿಲ್ಲ ನೋಡ್ರಿ ಯಾರೂ.”

ಸಿಟ್ಟು ಹೇಗೆ ಇಳಿಯಿತೋ ಗೊತ್ತಾಗಲಿಲ್ಲ. ಗಣತಿಯವರು ಎರಡು ದಿನ ಒದ್ದಾಡಿ, ಕಡೆಗೆ ಷರಾದಲ್ಲಿ ಬರೆದು ಹೋದರು: ಹದಿನಾಲ್ಕನೇ ಗಿಡ ನಿರೀಕ್ಷೆ ಮೀರಿ ಬೆಳೆದಿದೆ.

೩. ಹಸಿರು ಸೀರೆ

ಆಮೇಲಿನ ಬೇಸಿಗೆಯಲ್ಲಿ ಉಪಗ್ರಹದ ಚಿತ್ರ ಬಂತು. ಕಾಕಾನ ಗುಡ್ಡ ಬೂದು ಬಣ್ಣ. ಅವನೂ ಅವನ ಹೆಂಡತಿಯೂ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಬೇವು, ಕಮರದ ಗಿಡಗಳು ಇನ್ನೂ ಆಳೆತ್ತರ, ನಡುವೆಲ್ಲ ಬಂಡೆ. ಆಕಾಶಕ್ಕೆ ಬಂಡೆಯೇ ಕಂಡಿತ್ತು. ಕೆಳಗಿನ ಬತ್ತಿದ ಕೆರೆಯಲ್ಲಿ ತಾನಾಗಿ ಹಬ್ಬಿದ ಬಳ್ಳಾರಿ ಜಾಲಿ ಮಾತ್ರ ಕಡುಹಸಿರು.

ನೋಡಿ ಬರಲು ನನ್ನನ್ನು ಕಳಿಸಿದರು. ಮೊಬೈಲು ತೋರಿಸಿದ ಬಿಂದು ಸರಿಯಾಗಿ ಒಂದು ಬಂಡೆಯ ಮೇಲೆ ಬಿದ್ದಿತ್ತು. ಹತ್ತು ಹೆಜ್ಜೆ ಆಚೆ ನೆರಳಿತ್ತು, ಆದರೆ ಹತ್ತು ಹೆಜ್ಜೆ ಸರಿದರೆ ಮೊಬೈಲು ಒಪ್ಪುತ್ತಿರಲಿಲ್ಲ. ಇಲ್ಲಿ ಮರ ಇದೆಯೇ ಎಂದು ಕೇಳಿತು. ಕಾಕಾ ಸ್ವಲ್ಪ ತಡೆಯಲು ಹೇಳಿ ಗುಡಿಸಲಿಗೆ ಓಡಿದ, ಹೆಂಡತಿಯ ಹಸಿರು ಸೀರೆ ತಂದು ಬಂಡೆಯ ಮೇಲೆ ಹಾಸಿದ. “ಈಗ ಮ್ಯಾಲಿನವರಿಗೆ ಇನ್ನೊಮ್ಮಿ ನೋಡಾಕ ಹೇಳ್ರಿ,” ಎಂದ.

ನಾನು ‘ಇಲ್ಲ’ ಒತ್ತಿದೆ. ಸುಳ್ಳು ಹೇಳಲು ಹೆದರಿಕೆಯಾಯಿತು. ಕಾರ್ಖಾನೆಯ ಮುಂದೆ ಆಗದ ಹೆದರಿಕೆ ಅವತ್ತೇ ಯಾಕಾಯಿತು ಎಂದು ನನ್ನನ್ನೇ ಇವತ್ತಿಗೂ ಬೈದುಕೊಳ್ಳುತ್ತೇನೆ.

ತಿಂಗಳೊಪ್ಪತ್ತಿನಲ್ಲಿ ಆದೇಶ ಬಂತು. ಕೆರೆಯ ಜಾಲಿ ಉತ್ತಮ ಅರಣ್ಯ. ಗುಡ್ಡದಲ್ಲಿ ಕಾಯಲು ಅರಣ್ಯ ಇಲ್ಲದ ಕಾರಣ ವಾಚರ್ ಬೇಕಿಲ್ಲ. ಕಾಕಾನಿಗೆ ನಾನೇ ಓದಿ ಹೇಳಿದೆ. ಜಾಲಿಯನ್ನು ಇಷ್ಟು ವರ್ಷ ಯಾರು ಕಾಯುತ್ತಿದ್ದರು ಎಂದು ಕೇಳಿದ. ಯಾರೂ ಇಲ್ಲ ಎಂದೆ.

“ಅದಕ್ಕ ಛಲೋ ಬೆಳದೈತಿ ಬಿಡ್ರಿ,” ಎಂದ.

೪. ಕೆಂಪು ಚುಕ್ಕೆ

ಕೆಲಸ ಹೋದರೂ ಕಾಕಾ ಗುಡ್ಡ ಬಿಡಲಿಲ್ಲ. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಒಣ ಹುಲ್ಲಿಗೆ ಬೆಂಕಿ ಬಿತ್ತು. ಆ ಹೊತ್ತಿಗೆ ಉಪಗ್ರಹ ಬೇರೆ ಯಾವ ದೇಶದ ಮೇಲಿತ್ತೋ, ನನ್ನ ಮೊಬೈಲಿಗೆ ಏನೂ ಬರಲಿಲ್ಲ. ಊರವರು ಫೋನ್ ಮಾಡಿ ನಾನು ಮುಟ್ಟುವ ಹೊತ್ತಿಗೆ ಬೆಂಕಿ ಆರಿತ್ತು. ಗುಡ್ಡದ ಒಂದು ಮಗ್ಗುಲು ಕರಿ, ಇನ್ನೊಂದು ಮಗ್ಗುಲಿನ ಹದಿನಾಲ್ಕುಗಳು ನಿಂತಿದ್ದವು. ನಡುವೆ ಕಾಕಾ ಕುಂತಿದ್ದ. ಕೈಯಲ್ಲಿದ್ದ ಟೊಂಗೆ ಸುಟ್ಟು ಮುಗಿದ ಮೇಲೂ ಬಡಿದಿದ್ದ. ಎರಡೂ ಕೈ ಮೊಣಕೈವರೆಗೆ ಬೆಂದಿದ್ದವು.

ಕೊಪ್ಪಳದ ದವಾಖಾನೆಗೆ ಸೇರಿಸಿದೆ. ಮರುದಿನ ಬೆಳಿಗ್ಗೆ ಅವನ ಮಂಚದ ಪಕ್ಕ ಕುಂತಿದ್ದಾಗ ನನ್ನ ಮೊಬೈಲಿನಲ್ಲಿ ಕೆಂಪು ಚುಕ್ಕೆ ಮೂಡಿತು, ಅದೇ ಗುಡ್ಡದ ಮೇಲೆ. ರಾತ್ರಿ ಹಾದುಹೋದ ಉಪಗ್ರಹಕ್ಕೆ ಬೂದಿಯ ಕಾವು ಗೊತ್ತಾಗಿರಬೇಕು. ಹಿಂದೆಯೇ ರೇಂಜರ್ ಸಾಹೇಬರ ಫೋನು, ಆರಿಸಿದವನ ಫೋಟೊ ಬೇಕು ಎಂದು. ಕಾಕಾ ಎಲ್ಲ ಕೇಳಿಸಿಕೊಂಡ. ಆರಿಸಿದವನು ತಾನೇ ಅಲ್ಲವೇ, ಫೋಟೊ ಇಲ್ಲೇ ತೆಗೆಯಿರಿ ಎಂದ. ದವಾಖಾನೆಯ ಅಂಗಳದ ಬೇವಿನ ಟೊಂಗೆ ತಂದು ಅವನ ಎರಡು ಬ್ಯಾಂಡೇಜುಗಳ ನಡುವೆ ಸಿಗಿಸಿದೆ. ಕಾಕಾ ಕಾರ್ಖಾನೆಯ ಮುಂದೆ ನಿಂತಂತೆಯೇ ಮೋರೆ ಗಂಭೀರ ಮಾಡಿಕೊಂಡ. ಪಕ್ಕದ ಮಂಚದವರು ನಕ್ಕರು. ನಾನು ನಾಚಿಕೆಯಿಂದ ಸತ್ತುಹೋದೆ, ಆದರೂ ಫೋಟೊ ತೆಗೆದು ಹಾಕಿದೆ.

ಉತ್ತರ ಬಂತು. ಏನು ಬರೆದಿದ್ದಾರೆ ಎಂದು ಕಾಕಾ ಕೇಳಿದ. ಓದಿದೆ: ಫೋಟೊದಲ್ಲಿರುವ ವ್ಯಕ್ತಿ ಸಿಬ್ಬಂದಿ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಬೆಂಕಿ ಆರಿಲ್ಲವೆಂದು ಪರಿಗಣಿಸಲಾಗಿದೆ.

“ಹಂಗಾರ ಇನ್ನೂ ಉರಿಯಾಕ ಹತ್ತೈತೇನ್ರಿ?”

“ಫೋನಿನಾಗ ಉರಿಯಾಕ ಹತ್ತೈತಿ ಕಾಕಾ.”

ಕಾಕಾ ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡ.

“ಇವು ಮಾಯಲಿ, ಹೋಗಿ ಇನ್ನೊಮ್ಮಿ ಆರಿಸಿ ಬರ್ತೀನಂತ ಬರೀರಿ.”