ಗಾಲಿ ಮನೆಗೊಂದು ಫರ್ಸಿ

ನಮ್ಮ ಸೋದರಮಾವನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಅದನ್ನು ಹೇಳಲು ಇಡೀ ಚಿತ್ತಾಪುರವೇ ಸಿದ್ಧವಿರುವಾಗ ನಾನೇಕೆ ಬಾಯಿ ನೋಯಿಸಿಕೊಳ್ಳಲಿ?

ಮಾಮಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಪ್ರಯೋಗ ಮಾಡದೆ ಉಪ್ಪನ್ನೂ ನಂಬುವವನಲ್ಲ. ಯಾರೋ ಗಂಡಹೆಂಡತಿ ಮಂಚ, ಒಲೆ ಇರುವ ಮೋಟಾರ್‌ಹೋಮಿನಲ್ಲಿ ಹಿಮಾಲಯ ಸುತ್ತುವುದನ್ನು ಮೊಬೈಲಿನಲ್ಲಿ ನೋಡಿದ. ಅಂದಿನಿಂದ ತನಗೂ ಅಂಥದೊಂದು ಹಳೆಯ ಗಾಲಿ ಮನೆ ಬೇಕೆಂದು ಹಟ ಹಿಡಿದ. ಹಿಮಾಲಯಕ್ಕಲ್ಲ, ನಮ್ಮ ಜಿಲ್ಲೆಯದೇ ಆದ ಚಂದಾಪುರಕ್ಕೆ!

ಚಂದಾಪುರದಲ್ಲಿ ಅತ್ತೆಯ ಅಕ್ಕ ಇದ್ದಾರೆ. ಅತ್ತೆಗೆ ಬೆನ್ನುನೋವು. ಬಸ್ಸಿನಲ್ಲಿ ಕುಳಿತು ಹೋದರೆ ವಾರವಿಡೀ ಹಾಸಿಗೆ. ಕಾರಿನ ಹಿಂದಿನ ಸೀಟಿನಲ್ಲಿ ಮುದುರಿ ಮಲಗಿದರೆ ಇನ್ನೂ ಫಜೀತಿ. ಅಕ್ಕನಿಗೋ ಮೊಣಕಾಲು ಕೈಕೊಟ್ಟಿತ್ತು. ಹೀಗಾಗಿ ವರ್ಷಗಟ್ಟಲೆ ಮುಖ ನೋಡದೆ, ಫೋನಿನಲ್ಲೇ ಜಗಳವಾಡಿ ಫೋನಿನಲ್ಲೇ ರಾಜಿಯಾಗುತ್ತಿದ್ದರು.

“ಕುಂತು ಹೋಗ್ಲಿಕ್ಕ ಬರಂಗಿಲ್ಲಂದ್ರ ಮಲ್ಕೊಂಡು ಹೋಗೋಣು,” ಎಂಬುದು ಮಾಮಾನ ಸಿದ್ಧಾಂತ. ಅಂಥ ಡಬ್ಬಿಯೊಳಗೆ ತಾನು ಕಾಲಿಡುವುದೇ ಇಲ್ಲ ಎಂಬುದು ಅತ್ತೆಯ ಪ್ರತಿಜ್ಞೆ.

ಲೋಕದಲ್ಲಿ ಗಾಡಿ ಕೊಳ್ಳುವವರು ಇಂಜಿನ್ ನೋಡುತ್ತಾರೆ, ಟೈರಿಗೆ ಒದೆಯುತ್ತಾರೆ. ನಮ್ಮ ಮಾಮಾ ಒಳಗೆ ಹೋಗಿ ಅಂಗಾತ ಮಲಗಿ, ಹೊಟ್ಟೆಯ ಮೇಲೆ ತುಂಬಿದ ಮಜ್ಜಿಗೆ ಲೋಟ ಇಟ್ಟುಕೊಂಡು, ಹೊಡಿ ಗಾಡಿ ಎನ್ನುತ್ತಿದ್ದ. ಎಷ್ಟು ಮಜ್ಜಿಗೆ ಉಳಿಯಿತೋ ಅಷ್ಟು ಅಂಕ!

ಶಹಾಬಾದಿನಲ್ಲಿ ನೋಡಿದ ವ್ಯಾನು ಮದುಮಗಳ ಹಾಗಿತ್ತು. ಪರದೆಯೇನು, ಮಡಚುವ ಮೇಜೇನು! ಆದರೆ ಹೊಟ್ಟೆ ನೆಲಕ್ಕೆ ತಾಗುವಷ್ಟು ಕೆಳಗೆ. ಹೊಲದ ದಾರಿಗಿಳಿದ ಕೂಡಲೇ ಚಕ್ಕಡಿ ಜಾಡಿನ ನಡುವಿನ ದಿಬ್ಬದ ಮೇಲೆ ಕುಳಿತುಬಿಟ್ಟಿತು. ಎಳೆಯಲು ಎತ್ತುಗಳೇ ಬರಬೇಕಾಯಿತು. ಮಾಮಾ ಒದ್ದೆ ಅಂಗಿಯಲ್ಲೇ ಇಳಿದು ಮಾಲೀಕನನ್ನು ಕೇಳಿದ: “ಎತ್ತೂ ಇದರ ಸಂಗಟೇ ಕೊಡ್ತೀರೇನ್ರಿ?”

ವಾಡಿಯಲ್ಲಿ ನೋಡಿದ್ದು ಬಸ್ಸಿನಷ್ಟು ದೊಡ್ಡದು. ಏಸಿ ಇತ್ತು, ಟಿವಿ ಇತ್ತು. ಮೊದಲ ಗುಂಡಿಗೇ ಮಜ್ಜಿಗೆ ಎದ್ದು ಟಿವಿ ನೋಡಲು ಹೋಯಿತು. ಅಲ್ಲಿಗೆ ಆ ವ್ಯವಹಾರವೂ ಮುಗಿಯಿತು.

ಕೊನೆಗೆ ಸೇಡಂನಲ್ಲಿ ಒಂದು ಪುಟ್ಟ ಗಾಡಿ ಸಿಕ್ಕಿತು. ನೆಲದಿಂದ ಮೊಳದೆತ್ತರ, ಒಳಗೆ ಒಂದೇ ಮಂಚ, ಯಾವ ಊರಿನ ಮೇಸ್ತ್ರಿಯೂ ರಿಪೇರಿ ಮಾಡಬಲ್ಲ ಇಂಜಿನ್. ಆದರೆ ಕುಣಿತ ಮಾತ್ರ ವಿಪರೀತ. ಲೋಟದಲ್ಲಿ ಉಳಿದದ್ದು ಅರ್ಧ. ಬೇಡವೆಂದೆ. ಮಾಮಾ ಕೇಳಲಿಲ್ಲ. “ಇದರ ಕುಣಿತಕ್ಕ ನನ್ನ ಹಂತ್ಯಾಕ ಔಷಧ ಅದ,” ಎಂದ.

ಮರುವಾರ ಹೋಗಿ ನೋಡುತ್ತೇನೆ, ಗಾಡಿಯೊಳಗೆ ಗೌಂಡಿ ಕುಳಿತು ಶಹಾಬಾದ್ ಫರ್ಸಿ ಹಾಸುತ್ತಿದ್ದಾನೆ! ನಮ್ಮ ಕಡೆ ನೆಲಕ್ಕೂ ಅಡುಗೆ ಕಟ್ಟೆಗೂ ಅದೇ ಕಲ್ಲು, ಒಪ್ಪಿದೆ. ಗಾಡಿಗೂ ಉಂಟೇ? ಓಣಿಗೆ ಓಣಿಯೇ ಬಂದು ನಕ್ಕಿತು. ಗಾಡಿ ಏರು ಹತ್ತುವುದಿಲ್ಲ ಎಂದು ನಾನೂ ಭವಿಷ್ಯ ನುಡಿದೆ. “ಫರ್ಸಿ ಇಲ್ಲಂದ್ರ ಅದು ಮನಿ ಹ್ಯಾಂಗ ಆಗ್ತದ?” ಎಂದು ಮಾಮಾ ಮೀಸೆಯಲ್ಲೇ ನಕ್ಕ. ಗಲಾಟೆ ಕೇಳಿ ಹೊರಬಂದ ಅತ್ತೆ ಬರಿಗಾಲನ್ನು ಫರ್ಸಿಯ ಮೇಲಿಟ್ಟು ನೋಡಿದಳು. ತಂಪಾಗಿತ್ತು. ಇನ್ನೊಂದು ಕಾಲನ್ನೂ ಇಟ್ಟಳು. ಪ್ರತಿಜ್ಞೆ ಮುರಿದದ್ದು ಅವಳಿಗೇ ಗೊತ್ತಾಗಲಿಲ್ಲ!

ಚಂದಾಪುರಕ್ಕೆ ಹೊರಟ ದಿನ ಸಿಮೆಂಟ್ ಲಾರಿಗಳ ಕಾಟ ಬೇಡವೆಂದು ಗುಂಡಗುರ್ತಿಯ ಒಳದಾರಿ ಹಿಡಿದೆವು. ಚಾಲಕ ನಾನು. ಅತ್ತೆ ಮಂಚದ ಮೇಲೆ, ಮಾಮಾ ಪಕ್ಕದಲ್ಲಿ ಫರ್ಸಿಯ ಮೇಲೆ. ಗುಂಡಿ ಬಂದಾಗಲೆಲ್ಲ ನಾನು ಹಲ್ಲು ಕಚ್ಚುತ್ತಿದ್ದೆ. ಗಾಡಿ ಮಾತ್ರ ಕುಣಿಯಲೇ ಇಲ್ಲ. ತುಂಬು ಬಸುರಿಯಂತೆ ನಿಧಾನವಾಗಿ ಇಳಿದು ಏರುತ್ತಿತ್ತು. ಆಗ ನನ್ನ ಮಂಡೆಗೆ ಹೊಳೆಯಿತು. ಖಾಲಿ ಚಕ್ಕಡಿ ಕುಣಿಯುತ್ತದೆ, ಹೇರಿದ ಚಕ್ಕಡಿ ಕುಣಿಯುವುದಿಲ್ಲ. ಚಿಕ್ಕಂದಿನಿಂದ ಚಕ್ಕಡಿಯಲ್ಲಿ ಓಡಾಡಿದ ನನಗೆ ಇದು ತಿಳಿಯಲಿಲ್ಲವಲ್ಲ!

ಚಂದಾಪುರದಲ್ಲಿ ಅಕ್ಕನ ಮನೆ ಮುಂದೆ ನಿಲ್ಲಿಸಿ, ಜಂಬದಿಂದ ಹಾರ್ನ್ ಮೇಲೆ ಕೈಯಿಟ್ಟೆ. ಹಿಂದಿನಿಂದ ಮಾಮಾ ನನ್ನ ಭುಜ ಹಿಡಿದ.

“ಹೊಡೀಬ್ಯಾಡೋ. ಅಕಿಗಿ ನಿದ್ದಿ ಹತ್ತ್ಯದ.”

ತಿರುಗಿ ನೋಡಿದೆ. ಅತ್ತೆ ಮಗುವಿನ ಹಾಗೆ ಮಲಗಿದ್ದಳು. ಅವಳು ಜಾರದಂತೆ ಮಾಮಾ ದಾರಿಯುದ್ದಕ್ಕೂ ತೋಳು ಅಡ್ಡ ಹಿಡಿದೇ ಬಂದಿದ್ದ. ಹಾರ್ನ್ ಮೇಲಿನ ಕೈಯನ್ನು ತೆಗೆದೆ.

ಕೋಲೂರಿಕೊಂಡು ಅಕ್ಕ ಹೊರಬಂದರು. ಬಾಗಿಲಿನಿಂದಲೇ ತಂಗಿಯನ್ನು ನೋಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ಎಬ್ಬಿಸಲೇ ಎಂದು ಮಾಮಾ ಸನ್ನೆಯಲ್ಲೇ ಕೇಳಿದ.

“ಬ್ಯಾಡ್ರಿ, ಮಲ್ಕೊಳ್ಲಿ,” ಎಂದರು ಅವರು. ವರ್ಷಗಳಿಂದ ಕಾದಿದ್ದ ಆ ಹಿರಿಯ ಜೀವ ಕಟ್ಟೆಯ ಮೇಲೆ ಕುಳಿತು, ತಂಗಿ ಏಳುವವರೆಗೆ ಇನ್ನಷ್ಟು ಹೊತ್ತು ಕಾಯಿತು.