ಎದುರಾಳಿಯ ಬುಟ್ಟಿಗೂ ‘ಹರಹರ’ ಎನ್ನುವ ಬಗ್ಗೆ

ಇಂದ,
ಜಗದೇವಪ್ಪ ತಂದೆ ಬಂಡೆಪ್ಪ,
ಕುಸುಬಿ ಎಣ್ಣೆಯ ಗಾಣದವನು, ಮಠದ ಓಣಿ, ಆಳಂದ.

ಗೆ,
ಮಾನ್ಯ ಹೆಡ್ ಮಾಸ್ತರ ಶಾಂತಲಿಂಗಪ್ಪನವರ ಸನ್ನಿಧಿಗೆ,
ಶ್ರೀ ಗುರುಸೇವಾ ವಿದ್ಯಾಲಯ (ಹೈಸ್ಕೂಲು, ಊರ ಬಾಯಲ್ಲಿ ಕಾಲೇಜು), ಆಳಂದ.

ಬಹಮನ್ ತಿಂಗಳು, ಫಸಲಿ ೧೩೫೨ (ಇಂಗ್ಲಿಷ್ ಲೆಕ್ಕಕ್ಕೆ ೧೯೪೨ರ ಡಿಸೆಂಬರ್).

ವಿಷಯ: ಕಾಲೇಜಿನ ಬುಟ್ಟಿಚೆಂಡಿನ ಆಟ ನೋಡಬಾರದೆಂದು ಅರ್ಜಿದಾರನಿಗೆ ಹಾಕಿದ ನಿರ್ಬಂಧವನ್ನು ತೆಗೆದುಹಾಕುವ ಕುರಿತು.

ಉಲ್ಲೇಖ:
೧. “ಈ ಊರಾಗ ಆಟ ನೋಡೋ ಮಂದಿ ಹುಟ್ಟೇ ಇಲ್ಲೇನು?” ಎಂದು ಡ್ರಿಲ್ ಮಾಸ್ತರ ಸಲಾವುದ್ದೀನ ಸಾಹೇಬರು ಖಾಲಿ ಬಯಲಿಗೆ ಕೇಳಿದ ಪ್ರಶ್ನೆ.
೨. ಅರ್ಜಿದಾರ ಆಟದ ಬಯಲಿಗೆ ಕಾಲಿಡಕೂಡದೆಂಬ ತಮ್ಮ ಹುಕುಂ.
೩. ಅದೇ ವಿಷಯವಾಗಿ ಅರ್ಜಿದಾರನ ಹೆಂಡತಿ ಗುರಮ್ಮ ಒಲೆಯ ಮುಂದೆ ಹೊರಡಿಸಿದ ಬಾಯಿ ಹುಕುಂ.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರ್ಜಿದಾರ ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರನಿಗೆ ಬುಟ್ಟಿಚೆಂಡಿನ ಆಟ ತಿಳಿಯದು. ಕಂಬದ ತುದಿಗೆ ಕಬ್ಬಿಣದ ಬಳೆ ಕಟ್ಟಿ, ಅದರಲ್ಲಿ ಚೆಂಡು ಹಾಕಿ, ಅದು ಕೆಳಗೆ ಬಿದ್ದ ಮೇಲೆ ಮತ್ತೆ ಹಾಕಲು ಅಷ್ಟು ಮಂದಿ ಯಾಕೆ ಓಡಬೇಕೆಂಬುದು ಇವತ್ತಿಗೂ ಬಗೆಹರಿದಿಲ್ಲ. ಆದರೆ ಕಾಲೇಜಿನ ಆಟದ ಪಾರ್ಟಿಗೆ, ಅಂದರೆ ತಂಡಕ್ಕೆ, ಅರ್ಜಿದಾರನ ಒಬ್ಬನೇ ಮಗ ದೌಲತರಾಯ ಕ್ಯಾಪ್ಟನ್ ಆಗಿರುವ ಕಾರಣ, ಮತ್ತು ಸದರಿ ಪಾರ್ಟಿ ಹುಟ್ಟಿದಂದಿನಿಂದ ಈವರೆಗೆ ಯಾರನ್ನೂ ಸೋಲಿಸಿ ಅವರ ಮನಸ್ಸು ನೋಯಿಸದ ಕಾರಣ, ಮನೆಯಲ್ಲಿ ಆ ಆಟದ ಸುದ್ದಿ ಇದ್ದೇ ಇತ್ತು.

೨. ದೀಪಾವಳಿ ಮುಗಿದ ಮೇಲಿನ ಒಂದು ಶುಕ್ರವಾರ, ಸೂಟಿಯ ದಿನ, ಅರ್ಜಿದಾರ ಕುಸುಬಿಯ ಚೀಲ ಹೊತ್ತು ಬಯಲಿನ ಪಕ್ಕದಿಂದ ಹಾಯ್ದು ಬರುತ್ತಿದ್ದನು. ಅಂದು ಅಫಜಲಪುರದವರ ಕೂಡ ಆಟವಿತ್ತು. ಅವರು ಬಂಡಿ ತುಂಬ ಮಂದಿ, ಬುತ್ತಿ, ಬಾರಿಸಲು ಒಂದು ಹಲಗೆ ಸಮೇತ ಬಂದಿದ್ದರು. ನಮ್ಮ ಕಡೆ ನೋಡುವವರೆಂದರೆ ಕಂಬದ ನೆರಳಿಗೆ ಮಲಗಿದ್ದ ಒಂದು ಎಮ್ಮೆ. ಅದೂ ಅಫಜಲಪುರದವರ ಕಡೆ ಮುಖ ಮಾಡಿತ್ತು. ನಮ್ಮ ಹುಡುಗರು ಚೆಂಡು ಹಾಕಿದರೂ ಒಂದೇ, ಬಿಟ್ಟರೂ ಒಂದೇ ಎಂಬಂತೆ ಕೈ ಇಳಿಬಿಟ್ಟಿದ್ದರು. ಆಗ ಸಾಹೇಬರು ಸೀಟಿ ಬಾಯಿಂದ ತೆಗೆದು, ಆಕಾಶ ನೋಡುತ್ತ, ಉಲ್ಲೇಖ ಒಂದರ ಪ್ರಶ್ನೆ ಕೇಳಿದರು.

ಅದು ಯಾರಿಗೂ ಕೇಳಿದ ಪ್ರಶ್ನೆಯಲ್ಲ. ಆದರೆ ಹತ್ತಿರದಲ್ಲಿ ಬೇರೆ ಯಾರೂ ಇಲ್ಲದ ಕಾರಣ ತನಗೇ ಇರಬೇಕೆಂದು ಅರ್ಜಿದಾರ ತಿಳಿದು, “ನಾ ಇದ್ದೇನ್ರಿ ಸಾಹೇಬ್ರ,” ಎಂದು ಚೀಲ ಇಳಿಸಿ ಅದರ ಮೇಲೆ ಕುಳಿತನು.

“ನೀವೊಬ್ರ ಆದ್ರ ಹ್ಯಾಂಗ್ರಿ ಜಗದೇವಪ್ಪ? ಮಂದಿನ್ನ ಕರ್ಕೊಂಡ್ ಬರ್ರಿ.”

“ಎಂಥಾ ಮಂದಿ ಬೇಕ್ರಿ?”

“ಬಾಯಿದ್ದ ಮಂದಿ!” ಎಂದರು ಸಾಹೇಬರು.

ಇಲ್ಲಿಯೇ ತೊಡಕಾಯಿತು. ಅರ್ಜಿದಾರನಿಗೆ ಪರಿಚಯವಿರುವವರೆಲ್ಲ ಕಿವಿಯಿದ್ದ ಮಂದಿ.

೩. ತಮಗೆ ತಿಳಿದಂತೆ, ಪ್ರತಿ ಸೋಮವಾರ ಮಠದಲ್ಲಿ ಪದ ಮತ್ತು ಪುರಾಣ ನಡೆಯುತ್ತದೆ. ಅರ್ಜಿದಾರ ತೊಟ್ಟಿಲಲ್ಲಿದ್ದಾಗಿನಿಂದ ಅದನ್ನು ಕೇಳಿ ಬೆಳೆದವನು. ತಾನಾಗಿ ಒಂದು ಪದವನ್ನೂ ಹಾಡಿದವನಲ್ಲ. ಕೇಳುವುದೇ ಅವನ ಕಸಬು. ಪುರಾಣ ಹೇಳುವವರ ಎದುರು ಕುಳಿತು ‘ಹೂಂ’ ಅನ್ನುವ ಜಾಗ ತಂದೆ ಬಂಡೆಪ್ಪನವರಿಂದ ಅವನಿಗೆ ಬಂದಿದೆ. ತಂದೆಯವರು ಕಲಿಸಿದ್ದು ಒಂದೇ ಮಾತು: “ದೇವರು ಮಾತಾಡಿದಾಗ ಅಷ್ಟ ತಲಿ ತೂಗಬ್ಯಾಡಲೇ. ರಾಕ್ಷಸನೂ ಛಲೋ ಮಾತಾಡಿದ್ರ ಹರಹರ ಅನ್ನಬೇಕು. ಇಲ್ಲಂದ್ರ ಕಥಿ ಕುಂಟತದ.”

ಸೋಮವಾರ ಮಠದಲ್ಲಿ ಕೂಡುವ ಆ ಮೇಳವನ್ನೇ ಅರ್ಜಿದಾರ ಮುಂದಿನ ಆಟಕ್ಕೆ ಕರೆತಂದನು. ಅವರು ಚಪ್ಪಲಿಗಳನ್ನು ಸುಣ್ಣದ ಗೆರೆಯ ಆಚೆ ಬಿಟ್ಟು, ಬಯಲಿಗೆ ಕೈಮುಗಿದು, ಹೆಣ್ಣುಮಕ್ಕಳು ಒಂದು ಕಡೆ ಗಂಡಸರು ಒಂದು ಕಡೆ ಚಕ್ಕಳಮಕ್ಕಳ ಹಾಕಿ ಕುಳಿತರು. ದಮ್ಮಡಿ ಬಾರಿಸುವ ಲಾಲಸಾಬ ನಡುವೆ ಕುಳಿತನು. ಇಷ್ಟು ಮಂದಿಯನ್ನು ಕಂಡು ಸಾಹೇಬರ ಕಣ್ಣು ತುಂಬಿದ್ದನ್ನು ಅರ್ಜಿದಾರ ಸ್ವತಃ ನೋಡಿದ್ದಾನೆ. ತಾವೂ ಆಫೀಸಿನ ಬಾಗಿಲಿಗೆ ಬಂದು ನಿಂತು ಮೀಸೆ ತೀಡಿದ್ದು ನೆನಪಿರಬಹುದು.

೪. ಅಂದು ಬಂದವರು ಜೇವರ್ಗಿಯವರು. ಅವರಲ್ಲಿ ಅಣ್ಣಾರಾಯ ಎಂಬ ಉದ್ದನೆಯ ಹುಡುಗನಿದ್ದಾನೆ. ಆಟ ಶುರುವಾದ ಕೂಡಲೇ ಆತ ಅರ್ಧ ಬಯಲಿನಿಂದ ಚೆಂಡು ತೂರಿದನು. ಯುದ್ಧದ ದೆಸೆಯಿಂದ ಹೊಸ ಚೆಂಡು ಸಿಗದೆ ನಮ್ಮ ಚೆಂಡಿಗೆ ಮೋಚಿಯಿಂದ ತೇಪೆ ಹಾಕಿಸಿದ್ದು ತಮಗೆ ಗೊತ್ತೇ ಇದೆ. ನೆಟ್ಟಗೆ ಹೋಗುವುದು ಅದರ ಗುಣವಲ್ಲ. ಅಂಥ ಚೆಂಡು ಬಳೆಯ ಅಂಚನ್ನೂ ಮುಟ್ಟದೆ, ಬಾವಿಗೆ ಕೊಡ ಇಳಿದಂತೆ ಒಳಗೆ ಇಳಿಯಿತು.

“ಹರಹರ!” ಎಂದನು ಅರ್ಜಿದಾರ. ಮೇಳ ದನಿಗೂಡಿಸಿತು. ಲಾಲಸಾಬ ದಮ್ಮಡಿಯ ಮೇಲೆ ಒಂದು ಮುಕ್ತಾಯ ಕೊಟ್ಟನು.

ಜೇವರ್ಗಿಯವರು ಒಂದು ಗಳಿಗೆ ಗಾಬರಿಯಾಗಿ ನಿಂತರು. ಆಮೇಲೆ ಹುರುಪು ಏರಿತು. ಅವರು ಹಾಕಿದಷ್ಟೂ ಮೇಳ ಹರಹರ ಎಂದಿತು, ಮೇಳ ಅಂದಷ್ಟೂ ಅವರು ಹಾಕಿದರು. ನಮ್ಮ ಹುಡುಗರು ಹಾಕಿದಾಗಲೂ ಅಷ್ಟೇ ಗಟ್ಟಿಯಾಗಿ ಅಂದೆವು. ಅದರಲ್ಲಿ ತಿಲದಷ್ಟೂ ಕಡಿಮೆ ಮಾಡಲಿಲ್ಲವೆಂದು ಅರ್ಜಿದಾರ ಲಿಂಗ ಮುಟ್ಟಿ ಹೇಳುತ್ತಾನೆ. ನಮ್ಮ ಹುಡುಗರು ಅಂಥ ಸಂದರ್ಭ ಹೆಚ್ಚು ಒದಗಿಸಲಿಲ್ಲ, ಅಷ್ಟೇ. ಆದ್ದರಿಂದ ಯಾವತ್ತಿಗಿಂತ ದೊಡ್ಡದಾಗಿ ಸೋತೆವು.

ಆಟ ಮುಗಿದ ಮೇಲೆ ಅಣ್ಣಾರಾಯ ಬಂದು ಅರ್ಜಿದಾರನ ಕಾಲು ಮುಟ್ಟಿ ಒಂದು ತೆಂಗಿನಕಾಯಿ ಕೊಟ್ಟನು. “ಕಾಕಾ, ನಮ್ಮೂರಾಗೂ ನಮಗ ಯಾರೂ ಹಿಂಗ ಅಂದಿಲ್ರಿ,” ಎಂದನು. ಅವನ ಹಿಂದೆ ದೌಲತರಾಯ ನಿಂತಿದ್ದನ್ನು ಅರ್ಜಿದಾರ ತಡವಾಗಿ ನೋಡಿದನು.

೫. ಮನೆಯಲ್ಲಿ ನಡೆದದ್ದು ಈ ಕೆಳಗಿನಂತಿದೆ.

“ಯಪ್ಪಾ, ನೀ ಯಾರ ಕಡಿ?” ಎಂದನು ಮಗ.

“ಕಡಿ ಎಲ್ಲಿಂದ ಬಂತಪ್ಪ? ನಾ ಕೇಳಾಕ ಹೋಗಿದ್ದೆ.”

“ಅದು ಕೇಳೋದಲ್ಲ, ನೋಡೋದು! ಊರ ಮಂದಿ ನಗಾಕತ್ತಾರ. ನಿಮ್ಮಪ್ಪಗ ಜೇವರ್ಗಿಯವರು ಏನ್ ಕೊಟ್ಟಾರ ಅಂತ ಕೇಳಾಕತ್ತಾರ.”

“ಟೆಂಗಿನಕಾಯಿ ಕೊಟ್ಟಾರ,” ಎಂದು ಅರ್ಜಿದಾರ ಇದ್ದದ್ದನ್ನು ಹೇಳಿದನು. ಇದು ಆ ಹೊತ್ತಿಗೆ ಆಡುವ ಮಾತಾಗಿರಲಿಲ್ಲ. ಕಾರಣ, ಗುರಮ್ಮ ಸಟುಗ ಕೆಳಗಿಟ್ಟು ಉಲ್ಲೇಖ ಮೂರನ್ನು ಹೊರಡಿಸಿದಳು: “ಹಡೆದ ಮಗ ಸೋತು ಬಂದಾನ, ನೀವು ಗೆದ್ದವರಿಗೆ ಹರಹರ ಅಂದು ಬಂದೀರಿ. ರೊಟ್ಟಿ ಬೇಕಾದ್ರ ಜೇವರ್ಗಿಗೆ ಹೋಗ್ರಿ.”

ಜೇವರ್ಗಿ ದೂರವಿರುವ ಕಾರಣ ಅರ್ಜಿದಾರ ಅಂದು ನೀರು ಕುಡಿದು ಮಲಗಿದನು.

೬. ತಮ್ಮ ಹುಕುಂ ಅದರ ಮರುವಾರ ಬಂತು. ತಂದವನು ಜವಾನನಲ್ಲ, ದೌಲತರಾಯನೇ. ಕ್ಯಾಪ್ಟನ್ ಕೊಟ್ಟ ದೂರಿನ ಮೇಲೆ ಸದರಿ ಹುಕುಂ ಆಗಿದೆಯೆಂದು ಅದರಲ್ಲಿಯೇ ಕಾಣಿಸಿದ್ದೀರಿ. ಮಗ ಅದನ್ನು ಗಾಣದ ಕಟ್ಟೆಯ ಮೇಲಿಟ್ಟು, ಹಾರಿಹೋಗದಂತೆ ಹಿಂಡಿಯ ತುಣುಕೊಂದನ್ನು ಮೇಲೆ ಹೇರಿ, ಒಳಗೆ ಹೋದನು. ಅಂದಿನಿಂದ ಅರ್ಜಿದಾರನ ಕೂಡ ಮಾತಿಲ್ಲ. ಉಣ್ಣಲು ಕರೆಯಬೇಕಾದರೂ, “ಅವ್ವಾ, ರೊಟ್ಟಿ ಆರಾಕತ್ತಾವಂತ ಅವರಿಗೆ ಹೇಳು,” ಎನ್ನುತ್ತಾನೆ. ಅರ್ಜಿದಾರ ಅಲ್ಲೇ ಕೂತಿರುತ್ತಾನೆ.

೭. ಅಫಜಲಪುರದವರು ಎರಡನೇ ಸಲ ಬಂದಾಗ ಬಯಲಿನ ಗೋಡೆಯ ಹಿಂದಿನಿಂದ ಯಾರೋ ಹರಹರ ಎಂದರೆಂದೂ, ಅದನ್ನು ವಿಚಾರಿಸಲು ಜವಾನನನ್ನು ಕಳಿಸಲಾಯಿತೆಂದೂ ತಮ್ಮ ಗಮನಕ್ಕೆ ಬಂದಿರಬಹುದು. ಅದು ಅರ್ಜಿದಾರನೇ. ಹುಕುಮಿನಲ್ಲಿ ಬಯಲಿಗೆ ಕಾಲಿಡಕೂಡದೆಂದಿದೆ. ಗೋಡೆಯ ಹಿಂದಿನ ಹುಣಸೆಮರದ ಬುಡ ಬಯಲಲ್ಲ.

ಅಲ್ಲಿಂದ ಏನೂ ಕಾಣಿಸುವುದಿಲ್ಲ, ಆದರೆ ಎಲ್ಲ ಕೇಳಿಸುತ್ತದೆ. ತೇಪೆಯ ಚೆಂಡು ಬೇರೆಯವರ ಕೈಯಲ್ಲಿ ಗಡಿಬಿಡಿಯಿಂದ ಪುಟಿಯುತ್ತದೆ. ಮಗನ ಕೈಯಲ್ಲಿ ತಾಳ ಹಿಡಿದಂತೆ ನಿಧಾನ. ಆ ದಿನ ಆ ನಿಧಾನದ ಸದ್ದು ಬಯಲಿನ ತುದಿಯವರೆಗೆ ಹೋಗಿ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಳೆಯ ಕೆಳಗಿನ ಹಗ್ಗದ ಜಾಲ ಸರ್ರೆಂದಿತು. ಬುಟ್ಟಿಯಾಯಿತು. ಮಾನ್ಯರೇ, ಅಷ್ಟು ಛಂದದ ಬುಟ್ಟಿಗೆ ಬಯಲಿನಲ್ಲಿ ಒಬ್ಬರೂ ‘ಹೂಂ’ ಅನ್ನಲಿಲ್ಲ. ಅಫಜಲಪುರದವರಿಗೆ ಅನ್ನುವ ಕಾರಣವಿರಲಿಲ್ಲ, ನಮ್ಮವರು ಬಂದೇ ಇರಲಿಲ್ಲ. ಮಠದಲ್ಲಿ ಹಾಡುವವರು ಒಳ್ಳೆಯ ನುಡಿ ಎತ್ತಿ, ಎದುರಿಗೆ ಕೇಳುವವರಿಲ್ಲದೆ ಅದನ್ನು ಹಾಗೇ ಇಳಿಸಿದಂತಾಯಿತು. ಆದ್ದರಿಂದ ಮೆಲ್ಲಗೆ ಹರಹರ ಎಂದನು. ಪುಟಿಯುತ್ತಿದ್ದ ಚೆಂಡು ಒಂದು ಗಳಿಗೆ ನಿಂತು ಮತ್ತೆ ಪುಟಿಯಿತು.

ಅನಂತರ ಅಫಜಲಪುರದವರೂ ಒಂದು ಒಳ್ಳೆಯ ಬುಟ್ಟಿ ಹಾಕಿದ ಕಾರಣ ಅದಕ್ಕೂ ಅನ್ನಬೇಕಾಯಿತು. ಜವಾನ ಬಂದದ್ದು ಇದರ ಮೇಲೆ.

೮. ತಾವು ಮೊನ್ನೆ ಅರ್ಜಿದಾರನನ್ನು ಕರೆಸಿ, ಕೂಡಿಸಿ, ಚಹಾ ಕೊಟ್ಟು ಹೇಳಿದ್ದು: “ಜಗದೇವಪ್ಪ, ಬರೋ ಶುಕ್ರವಾರ ಜೇವರ್ಗಿಯವರು ಬರಾಕತ್ತಾರ. ನಿಮ್ಮ ಮಗಂದು ಕಡೀ ಆಟ. ನನಗೂ ತಂದಿ ಮಗನ್ನ ಬಿಡಿಸೋ ಮನಸಿಲ್ರಿ. ಅವರು ಹಾಕಿದಾಗ ಬಾಯಿ ಮುಚ್ಕೋತೇನಿ ಅಂತ ಒಂದ ಸಾಲು ಬರ್ದುಕೊಡ್ರಿ, ಹುಕುಂ ಇಲ್ಲೇ ಹರೀತೇನಿ.”

ತಮ್ಮ ದೊಡ್ಡ ಮನಸ್ಸಿಗೆ ಅರ್ಜಿದಾರ ಋಣಿ. ಮನೆಗೆ ಹೋಗಿ ಆ ಒಂದು ಸಾಲು ಬರೆಯಲು ಕುಳಿತದ್ದೂ ನಿಜ. ಆದರೆ ಕೈ ಏಳಲಿಲ್ಲ. ಕಾರಣ: ಎದುರಿನವನ ಒಳ್ಳೆಯದಕ್ಕೆ ಮುಚ್ಚಿದ ಬಾಯಿ ಮಗನ ಒಳ್ಳೆಯದಕ್ಕೆ ತೆರೆದರೆ, ಅದು ತಂದೆ ಮಗನನ್ನು ಮುದ್ದು ಮಾಡಿದ್ದಾಯಿತು. ಅಂಥ ಮುದ್ದು ಗುರಮ್ಮನ ಕಡೆಯಿಂದ ಅವನಿಗೆ ಬೇಕಾದಷ್ಟು ಸಿಗುತ್ತಿದೆ. ಅವನ ಆಟಕ್ಕೆ ಸಿಗಬೇಕಾದ ಹರಹರ ಬೇರೆ. ಅದನ್ನು ಅರ್ಜಿದಾರ ಹುಸಿ ಮಾಡಿ ಕೊಡಲಾರ.

೯. ಅರ್ಜಿದಾರನನ್ನು ಬಿಟ್ಟು ಮೇಳ ಬರುವುದಿಲ್ಲ. ಮೇಳ ಬಾರದಿದ್ದರೆ ಶುಕ್ರವಾರ ನಮ್ಮ ಕಡೆ ಬರುವವರು ಯಾರೂ ಇಲ್ಲ. ಎಮ್ಮೆಯನ್ನೂ ಬಜಾರಿನಲ್ಲಿ ಮಾರಿದರೆಂದು ಅರ್ಜಿದಾರ ಕೇಳಿದ್ದಾನೆ.

ಆದ್ದರಿಂದ ಖಾವಂದರು ದಯಮಾಡಿ,

(ಅ) ಸದರಿ ಹುಕುಂ ರದ್ದುಪಡಿಸಿ, ಷರತ್ತಿಲ್ಲದೆ ಬಯಲಿನಲ್ಲಿ ಕೂಡಲು ಅಪ್ಪಣೆ ಕೊಡಬೇಕು;

(ಆ) ಅದು ಆಗದ ಪಕ್ಷದಲ್ಲಿ, ಗೋಡೆಯಲ್ಲಿ ಕೂತವನ ಕಣ್ಣಿನ ಎತ್ತರಕ್ಕೆ ಒಂದೇ ಒಂದು ಕಲ್ಲು ತೆಗೆಯಲು ಅಪ್ಪಣೆ ಕೊಡಬೇಕು. ಆಟ ಮುಗಿದ ಮೇಲೆ ಲಾಲಸಾಬ ಅದನ್ನು ಮೊದಲಿಗಿಂತ ಗಟ್ಟಿಯಾಗಿ ಕೂಡಿಸಿ ಕೊಡುತ್ತಾನೆ;

(ಇ) ಅದೂ ಆಗದ ಪಕ್ಷದಲ್ಲಿ, ಶುಕ್ರವಾರ ಒಂದು ದಿನ ಡ್ರಿಲ್ ಮಾಸ್ತರರು ಸೀಟಿಯನ್ನು ತುಸು ಮೆಲ್ಲಗೆ ಊದುವಂತೆ ತಾಕೀತು ಮಾಡಬೇಕು. ಅದರ ಸದ್ದಿನಲ್ಲಿ ಚೆಂಡು ಕೇಳಿಸುವುದಿಲ್ಲ.

ತಮ್ಮ ವಿಶ್ವಾಸಿ, ಹಾಗೂ ಜೇವರ್ಗಿಯವರಿಗೂ ಅಷ್ಟೇ ವಿಶ್ವಾಸಿ,
ಜಗದೇವಪ್ಪ ತಂದೆ ಬಂಡೆಪ್ಪ

ಲಗತ್ತುಗಳು:
೧. ತಮ್ಮ ಹುಕುಂ (ಹಿಂಡಿಯ ಎಣ್ಣೆ ಹತ್ತಿದೆ, ಓದಲು ಬರುತ್ತದೆ).
೨. ಮೇಲೆ ಹೇಳಿದ ತೆಂಗಿನಕಾಯಿ, ಅರ್ಧ ಹೋಳು. ಇನ್ನರ್ಧವನ್ನು ಗುರಮ್ಮ ಸಿಟ್ಟಿನಲ್ಲಿಯೇ ಚಟ್ನಿ ಮಾಡಿದ್ದಾಳೆ.
೩. ಮೇಳ ಯಾರಿಗೂ ಕಡಿಮೆ ಮಾಡಲಿಲ್ಲವೆಂಬುದಕ್ಕೆ ಲಾಲಸಾಬನ ಹೆಬ್ಬೆಟ್ಟು.
೪. ಕುಸುಬಿ ಎಣ್ಣೆ, ಒಂದು ಸಣ್ಣ ಬಾಟಲಿ. ಇದು ಲಂಚವಲ್ಲ. ನಮ್ಮ ಕಡೆಯ ಬಳೆಗೆ ತುಕ್ಕು ಹಿಡಿದಿದೆ.

ತಾಜಾ ಕಲಂ: ಅರ್ಜಿ ಮಡಚುವ ಹೊತ್ತಿಗೆ ದೌಲತರಾಯ ತಾನಾಗಿಯೇ ಗಾಣದ ಮನೆಗೆ ಬಂದನು. ಎತ್ತಿನ ಬೆನ್ನು ಸವರುತ್ತ ಬಹಳ ಹೊತ್ತು ನಿಂತನು. ಎತ್ತಿನ ಕೂಡ ಅವನು ಮಾತು ಬಿಟ್ಟಿರಲಿಲ್ಲವಾದ್ದರಿಂದ ಅದರ ಕಡೆಯೇ ಮುಖ ಮಾಡಿ ಶುರು ಮಾಡಿದನು.

“ಶುಕ್ರವಾರ ಬಾ ಯಪ್ಪಾ.”

“ಹುಕುಂ ಅದ ನೋಡಪ್ಪ.”

“ಹೆಡ್ ಮಾಸ್ತರಗ ನಾ ಹೇಳ್ತೇನಿ. ದೂರು ಕೊಟ್ಟಾಂವ ನಾನ, ನಾನ ತಕ್ಕೊಳ್ತೇನಿ. ಲಾಲಸಾಬ ಕಾಕಾನ್ನೂ ಕರ್ಕೊಂಡ್ ಬಾ, ಎಲ್ಲಾರ್ನೂ ಕರ್ಕೊಂಡ್ ಬಾ. ಮುಂದ ಕೂಡ್ರಿ.” ಆಮೇಲೆ ಎತ್ತನ್ನು ಬಿಟ್ಟು ಇತ್ತ ತಿರುಗಿದನು. “ಗ್ವಾಡಿ ಹಿಂದ ನೀ ಅಂದಿದ್ದು ನನಗ ಕೇಳಿಸ್ತು.”

ಅರ್ಜಿದಾರ ಮಡಚುತ್ತಿದ್ದ ಅರ್ಜಿಯನ್ನು ಗಾಣದ ಕಟ್ಟೆಯ ಮೇಲಿಟ್ಟನು.

“ಜೇವರ್ಗಿಯವರಿಗೂ ಅನ್ನು ಯಪ್ಪಾ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಆ ಅಣ್ಣಾರಾಯ ಒಬ್ಬ ಹಾಕಿದಾಗ ಸುಮ್ಮನಿರು. ಅಂವ ಒಬ್ಬಂದು ಬಿಡು. ನನ್ನ ಸಲುವಾಗಿ.”

ಅರ್ಜಿದಾರ ಮಗನ ಮುಖ ನೋಡಿದನು. ಅರ್ಧ ಬಯಲಿನಿಂದ ಬಂದು ಅಂಚು ಮುಟ್ಟದೆ ಇಳಿದ ಚೆಂಡೂ ಕಣ್ಣಿಗೆ ಕಟ್ಟಿತು.

“ಆಗೂದಿಲ್ಲಪ್ಪ,” ಎಂದನು.