ಪೂಜೆಗೆ ಕೂತ ವೆಬ್‌ಸೈಟು

ಹಬ್ಬದ ದಿನ ಬಾಯಲ್ಲಿ ಕೆಟ್ಟ ಮಾತು ಬರಬಾರದು ಅಂತ ಮನೆಯವರಿಗೆಲ್ಲ ಬುದ್ಧಿ ಹೇಳುವವಳು ನಾನೇ. ಆಯುಧಪೂಜೆ ಬೆಳಗ್ಗೆ ಸ್ಕೂಟರಿಗೆ ಚೆಂಡುಹೂವಿನ ಹಾರ ಕಟ್ಟುತ್ತಾ ಕೂತಿದ್ದೆ. ಸೊಸೆ ಶೈಲಜಾ ಮೊಬೈಲು ಹಿಡಿದು ಓಡಿಬಂದಳು. "ಅತ್ತೆ, ವೆಬ್‌ಸೈಟೇ ಓಪನ್ ಆಗ್ತಿಲ್ಲ. ನಾನು ಓದಬೇಕಾದ ನೋಟ್ಸೆಲ್ಲ ಅದರಲ್ಲೇ ಇರೋದು!"

ನಾಳಿದ್ದೇ ಅವಳ ಎಂ.ಎ. ಪರೀಕ್ಷೆ. ಬಾಣಂತನದಲ್ಲಿ ಒಂದು ಸಲ ತಪ್ಪಿಸಿಕೊಂಡವಳು, ಈ ಸಲವೂ ಹೋದರೆ ಇನ್ನು ಪುಸ್ತಕ ಮುಟ್ಟಲ್ಲ ಅಂತ ಅತ್ತಿದ್ದಳು. ಅದಕ್ಕೇ ಮಗು, ಅಡುಗೆ, ಹಬ್ಬದ ನೆಂಟರು ಎಲ್ಲವನ್ನೂ ನನ್ನ ತಲೆಗೆ ಕಟ್ಟಿಕೊಂಡು ಅವಳನ್ನು ಓದಲು ಕೂರಿಸಿದ್ದೆ. ಮಗು ಅಷ್ಟೊತ್ತಿಗೆ ನಿದ್ದೆ ಹೋಗಿತ್ತಲ್ಲ, ಅದಕ್ಕೆ ಕೈವಾರದ ದೇವರ ದಿಕ್ಕಿಗೆ ತಿರುಗಿ ಒಂದು ಸಲ ಕೈಮುಗಿದೆ. ಆಮೇಲೆ ವಿಚಾರಿಸಿದೆ. ಅವಳ ಯೂನಿವರ್ಸಿಟಿಯ ಹುಡುಗೀರೇ ಸೇರಿಕೊಂಡು, ಸಂಬಳ ಸಾರಿಗೆ ಏನೂ ಇಲ್ಲದೆ ನಡೆಸುವ ವೆಬ್‌ಸೈಟಂತೆ. ನೋಡಿಕೊಳ್ಳುವವಳು ಜಂಗಮಕೋಟೆಯ ರೇಷ್ಮೆ ಬೆಳೆಗಾರರ ಮನೆಯ ಭವ್ಯಾ. ಫೋನ್ ಮಾಡಿಸಿದೆ.

"ಆಂಟಿ, ಅದಿರೋದು ನಮ್ಮ ಡಿಪಾರ್ಟ್‌ಮೆಂಟಿನ ಒಂದು ಹಳೇ ಕಂಪ್ಯೂಟರಲ್ಲಿ. ನಿನ್ನೆ ಸಂಜೆ, ರಜಾ ಶುರುವಾಗೋಕೆ ಮುಂಚೇನೇ ಅದಕ್ಕೆ ಪೂಜೆ ಮಾಡಿದ್ವಿ. ಆಫ್ ಮಾಡಿ, ಕುಂಕುಮ ಇಟ್ಟು, ಬೀಗ ಹಾಕ್ಕೊಂಡು ಬಂದ್ವಿ. ಪೂಜೆಗೆ ಇಟ್ಟಿದ್ದನ್ನ ವಿಜಯದಶಮಿವರೆಗೂ ಮುಟ್ಟಬಾರದಲ್ವಾ?"

ನನಗೆ ಅಂಗಾಲಿಂದ ನೆತ್ತಿವರೆಗೂ ಉರಿಯಿತು. ಪರೀಕ್ಷೆ ಮುಂದಿಟ್ಟುಕೊಂಡು ಓದುವ ಮಕ್ಕಳ ಬಾಗಿಲು ಮುಚ್ಚುವುದು ಯಾವ ದೇವರಿಗೆ ಪ್ರೀತಿ? ನಮ್ಮೆಜಮಾನರು ಪೇಪರಿನ ಹಿಂದಿನಿಂದಲೇ, "ಬಿಟ್ಟಿ ಕೆಲಸ ಮಾಡೋ ಮಕ್ಕಳು ಕಣೇ, ಬೈಬೇಡ" ಅಂದರು. ಬಿಟ್ಟಿಯಂತೆ! ಈ ಮನೆಯ ಅಡುಗೆಮನೆಯನ್ನು ನಾನೇನು ಸಂಬಳಕ್ಕೆ ನಡೆಸುತ್ತಿದ್ದೀನಾ? ಹಬ್ಬ ಬಂತು ಅಂತ ಒಲೆಗೆ ಕುಂಕುಮ ಇಟ್ಟು ಬೀಗ ಜಡಿದು ಒಂದು ಸಲವಾದರೂ ಶಿಡ್ಲಘಟ್ಟದ ತವರಿಗೆ ಹೋಗಿದ್ದೀನಾ? ಆ ಸಿಟ್ಟನ್ನೂ ಸೇರಿಸಿ ಫೋನಿಗೇ ಸುರಿದೆ. "ಏನಮ್ಮಾ, ನಿಮ್ಮನೇಲಿ ರೇಷ್ಮೆ ಹುಳ ಸಾಕ್ತೀರಲ್ಲ, ಹಬ್ಬ ಅಂತ ಹುಳಕ್ಕೆ ಸೊಪ್ಪು ಹಾಕೋದು ನಿಲ್ಲಿಸ್ತೀರಾ?"

ಆ ಕಡೆ ಫೋನು ಕೈ ಬದಲಾಯಿತು. ಭವ್ಯಾಳ ತಾಯಿ. "ಹುಳಕ್ಕೆ ಹೊಟ್ಟೆ ಐತೆ ತಾಯಿ, ಸೊಪ್ಪು ಹಾಕ್ತೀವಿ. ಯಂತ್ರಕ್ಕೆ ಐತಾ? ಅದಿರ್ಲಿ, ನಿಮ್ಮನೇಲಿ ಇವತ್ತು ಮಿಕ್ಸಿ ತಿರುಗಿಸ್ತಿದೀರಾ?"

ನಾನು ದೇವರ ಮನೆ ಕಡೆ ನೋಡಿದೆ. ಮಿಕ್ಸಿ ತಲೆ ಮೇಲೊಂದು ಸೇವಂತಿಗೆ ಇಟ್ಟುಕೊಂಡು ಹೊಸ ಮದುಮಗಳ ಹಾಗೆ ಮಣೆ ಮೇಲೆ ಕೂತಿತ್ತು. ಕೂರಿಸಿದವಳು ನಾನೇ. ನಾಳೆವರೆಗೂ ಯಾರೂ ಮುಟ್ಟಕೂಡದು ಅಂತ ಸಾರಿದವಳೂ ನಾನೇ.

"ಇವತ್ತೇ ಹೋಗಿ ಆನ್ ಮಾಡು ಅನ್ನಿ ಅತ್ತೆ," ಶೈಲಜಾ ಪಿಸುಗುಟ್ಟಿದಳು. ಮಿಕ್ಸಿ ಮುಟ್ಟಬೇಡಿ ಅಂದ ಬಾಯಲ್ಲೇ ಅದನ್ನು ಹೇಗೆ ಹೇಳಲಿ? ಭವ್ಯಾ ಮತ್ತೆ ಫೋನಿಗೆ ಬಂದು, ನಾಳೆ ಪೂಜೆ ಮುಗಿಸಿ ಮೊದಲ ಬಸ್ಸಿಗೇ ಹೋಗಿ ಆನ್ ಮಾಡ್ತೀನಿ ಆಂಟಿ ಅಂತ ಮಾತು ಕೊಟ್ಟಳು. ಒಂದು ಹಗಲು, ಒಂದು ರಾತ್ರಿ ಓದಲು ಸಿಗುತ್ತದೆ. ಅಷ್ಟಾದರೂ ಸಿಕ್ಕಿತಲ್ಲ. ಆದರೆ ಸಿಟ್ಟು ಇಳಿದಿರಲಿಲ್ಲ. ಯಾರ ಮೇಲೆ ಇಳಿಸಬೇಕು ಅನ್ನುವುದೇ ತಿಳಿಯದೆ ಹೋಯಿತು. ವಡೆಗೆ ಉದ್ದಿನಬೇಳೆ ನೆನೆದಿತ್ತು. ಸೆರಗು ಸಿಕ್ಕಿಸಿಕೊಂಡು ಒರಳುಕಲ್ಲಿನ ಮುಂದೆ ಕೂತು ರುಬ್ಬತೊಡಗಿದೆ.